ಜ್ವರ ಇಲ್ಲ, ಗಾಯ ಇಲ್ಲ. ಮತ್ತೆ ಉರಿಯೂತ ಎಲ್ಲಿಂದ?

ಪ್ರಶ್ನೆ: ನನಗೆ 46 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ ಇದೆ. ತೂಕ 84 ಕಿಲೋ, ಹೊಟ್ಟೆಯ ಸುತ್ತಳತೆ 103 ಸೆಂಟಿಮೀಟರ್. ಶುಗರ್ ಗಡಿಯಲ್ಲಿದೆ. ಉರಿಯೂತ ಇದೆಯಾ ಅಂತ ತಿಳಿಯುವ ಸಿಆರ್‌ಪಿ ರಕ್ತಪರೀಕ್ಷೆ ಎರಡು ಸಲ ಮಾಡಿಸಿದೆ, 5ರ ಆಸುಪಾಸು ಬಂತು. "ನಿಮ್ಮ ಕೊಬ್ಬಿನಲ್ಲೇ ಉರಿಯೂತ ಇದೆ" ಅಂದರು ಡಾಕ್ಟರ್. ನನಗೆ ಜ್ವರ ಇಲ್ಲ, ಗಾಯ ಇಲ್ಲ, ಎಲ್ಲೂ ನೋವಿಲ್ಲ. ಕೊಬ್ಬಿಗೆ ಉರಿಯೂತ ಹೇಗೆ ಬರುತ್ತದೆ? ಅರಸಿನದ ಮಾತ್ರೆ ತೆಗೆದುಕೊಂಡರೆ ಹೋಗುತ್ತದಾ?

ಉತ್ತರ: ನಿಮ್ಮ ಡಾಕ್ಟರ್ ಹೇಳಿದ್ದರಲ್ಲಿ ಹುರುಳಿದೆ. ಕೊಬ್ಬು ಅಂದರೆ ಸುಮ್ನೆ ತುಂಬಿಟ್ಟ ಎಣ್ಣೆ ಅಂತ ನಾವು ತಿಳಿದಿರುತ್ತೇವೆ. ಹಳೇ ಮನೆಯ ಪತ್ತಾಯದ ಹಾಗೆ ಅದು ಉಗ್ರಾಣ ಹೌದು. ಆದರೆ ಜೀವ ಇರುವ ಉಗ್ರಾಣ. ಅದಕ್ಕೆ ರಕ್ತನಾಳ ಇದೆ, ಅದು ಹಾರ್ಮೋನ್ ತಯಾರಿಸುತ್ತದೆ, ಅದರ ಕಾವಲಿಗೆ ರೋಗನಿರೋಧಕ ಜೀವಕಣಗಳೂ ಇವೆ. ತೆಳ್ಳಗಿರುವವರ ಕೊಬ್ಬಿನಲ್ಲೂ ಈ ಕಣಗಳಿರುತ್ತವೆ. ಅಲ್ಲಿ ಅವು ಗದ್ದಲ ಮಾಡದೆ ಸತ್ತ ಕಣಗಳನ್ನು ತೆಗೆದು ಚೊಕ್ಕಟ ಮಾಡುತ್ತಿರುತ್ತವೆ.

ತೊಂದರೆ ಶುರುವಾಗುವುದು ಉಗ್ರಾಣ ತುಂಬಿ ತುಳುಕಿದಾಗ. ದೊಡ್ಡವರಾದ ಮೇಲೆ ಕೊಬ್ಬಿನ ಕಣಗಳ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ. ಇರುವ ಕಣಗಳೇ ಉಬ್ಬುತ್ತವೆ. ನೀವು ತೋಟ ವಿಸ್ತರಿಸಿ, ಪೈಪು ಮಾತ್ರ ಹಳೆಯದನ್ನೇ ಇಟ್ಟರೆ ಕೊನೆಯ ಸಾಲಿಗೆ ನೀರು ಎಟಕುವುದಿಲ್ಲ, ಅಲ್ವಾ? ಹಾಗೇ ಉಬ್ಬಿದ ಕಣಗಳಿಗೆ ಆಮ್ಲಜನಕ ಸಾಕಾಗುವುದಿಲ್ಲ. ಕೆಲವು ಸಾಯುತ್ತವೆ. ಉಳಿದವು ಸಹಾಯಕ್ಕೆ ಕೂಗುತ್ತವೆ. ಆ ಕೂಗಿಗೆ ರಕ್ತದಿಂದ ಹೊಸ ಕಣಗಳು ಬಂದು ಸೇರುತ್ತವೆ. ಮುಖ್ಯವಾಗಿ ಮ್ಯಾಕ್ರೋಫೇಜ್ ಎಂಬ ನುಂಗುವ ಕಣಗಳು.

ಸತ್ತ ಕಣದ ಎಣ್ಣೆ ಹನಿ ಒಂದು ಮ್ಯಾಕ್ರೋಫೇಜ್ ನುಂಗುವುದಕ್ಕಿಂತ ದೊಡ್ಡದು. ಹಾಗಾಗಿ ಹಲವು ಸೇರಿ ಅದನ್ನು ಸುತ್ತುತ್ತವೆ, ಬಿದ್ದ ಹಲಸಿನ ಹಣ್ಣಿಗೆ ಇರುವೆ ಮುತ್ತಿದ ಹಾಗೆ. ಸೂಕ್ಷ್ಮದರ್ಶಕದಲ್ಲಿ ಇದು ಕಿರೀಟದಂತೆ ಕಾಣುತ್ತದೆ. ಈ ಮುತ್ತಿಗೆಯನ್ನು 2003ರಲ್ಲಿ ಅಮೆರಿಕದ ಎರಡು ತಂಡಗಳು ತೋರಿಸಿಕೊಟ್ಟವು. ತೆಳ್ಳಗಿನ ಇಲಿಯ ಕೊಬ್ಬಿನಲ್ಲಿ ನೂರಕ್ಕೆ 10ಕ್ಕಿಂತ ಕಡಿಮೆ ಕಣಗಳು ಮ್ಯಾಕ್ರೋಫೇಜ್ ಆಗಿದ್ದವು. ತೀರಾ ದಪ್ಪಗಿನ ಇಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ!

ಈ ಮ್ಯಾಕ್ರೋಫೇಜ್‌ಗಳು ಉರಿಯೂತ ಎಬ್ಬಿಸುವ ಟಿಎನ್‌ಎಫ್, ಐಎಲ್-6 ಎಂಬ ಪದಾರ್ಥಗಳನ್ನು ಬಿಡುತ್ತವೆ. ಐಎಲ್-6 ರಕ್ತದಲ್ಲಿ ಹರಿದು ಲಿವರ್ ತಲುಪಿದರೆ ಲಿವರ್ ಸಿಆರ್‌ಪಿ ಎಂಬ ಪ್ರೋಟೀನ್ ತಯಾರಿಸುತ್ತದೆ. ನಿಮ್ಮ ರಿಪೋರ್ಟಿನ 5 ಬಂದದ್ದು ಈ ದಾರಿಯಲ್ಲೇ ಇರಬಹುದು. ಜೋರು ಸೋಂಕಿನಲ್ಲಿ ಅದು 100 ದಾಟುವುದೂ ಉಂಟು. ನಿಮ್ಮದು ಒಲೆಯ ಬೂದಿಯೊಳಗಿನ ಕೆಂಡ. ನೋವಿಲ್ಲದೆ ವರ್ಷಗಟ್ಟಲೆ ಇರುತ್ತದೆ. ಒಸಡಿನ ಕಾಯಿಲೆಯಿಂದ, ಬೀಡಿಯಿಂದಲೂ ಸಿಆರ್‌ಪಿ ಏರುತ್ತದೆ. ಎಲೆಯಡಿಕೆ ಹಾಕುವ ಅಭ್ಯಾಸ ಇದ್ದರೆ ಹಲ್ಲಿನ ಡಾಕ್ಟರಿಗೂ ಒಮ್ಮೆ ತೋರಿಸಿ.

ಟಿಎನ್‌ಎಫ್ ಮಾಡುವ ಕೆಲಸ ಬೇರೆ. ಸಕ್ಕರೆಯನ್ನು ಒಳಗೆ ಬಿಡಿ ಅಂತ ಇನ್ಸುಲಿನ್ ಬಾಗಿಲು ತಟ್ಟಿದರೂ ಕಣಕ್ಕೆ ಕೇಳಿಸದ ಹಾಗೆ ಅದು ಮಾಡುತ್ತದೆ. 1993ರಲ್ಲೇ ಇಲಿಗಳಲ್ಲಿ ಇದು ಗೊತ್ತಾಗಿತ್ತು. ನಿಮ್ಮ ಶುಗರ್ ಗಡಿಗೆ ಬಂದು ನಿಂತಿರುವುದಕ್ಕೂ ಇದಕ್ಕೂ ನಂಟಿರಬಹುದು.

ಹಾಗಾದರೆ ಟಿಎನ್‌ಎಫ್ ತಡೆದರೆ ಆಯ್ತಲ್ಲ? ಆ ಪ್ರಯತ್ನವೂ ನಡೆದಿದೆ. ಇಲಿಗಳಲ್ಲಿ ಕೆಲಸ ಮಾಡಿತು. ಮಧುಮೇಹ ಇರುವ ಮನುಷ್ಯರಲ್ಲಿ ಹೇಳಿಕೊಳ್ಳುವಂಥ ಫಲ ಸಿಗಲಿಲ್ಲ. ಇದನ್ನು ನೀವು ಗಮನಿಸಬೇಕು ಅಂತ ನನ್ನ ಆಸೆ. ಮ್ಯಾಕ್ರೋಫೇಜ್‌ಗಳು ಬಂದದ್ದು ಕಸ ತೆಗೆಯಲು. ಅವುಗಳನ್ನು ಸುಮ್ಮನಾಗಿಸಿದರೂ ಕಸ ಅಲ್ಲೇ ಇರುತ್ತದೆ. ಅರಸಿನದ ಮಾತ್ರೆ ಬೇಡ ಅನ್ನುವುದೂ ಇದಕ್ಕೇ. ಸಾರಿಗೆ ಹಾಕುವ ಅರಸಿನ ಹಾಕಿ, ಚಿಂತೆಯಿಲ್ಲ. ಆದರೆ ಅದರ ಸಾರ ತೆಗೆದು, ಕರಿಮೆಣಸಿನ ಸಾರ ಸೇರಿಸಿ ಮಾಡುವ ಮಾತ್ರೆಗಳಿಂದ ಲಿವರ್‌ಗೆ ಏಟು ಬಿದ್ದವರಿದ್ದಾರೆ.

ಉಗ್ರಾಣದ ಹೊರೆ ಇಳಿಸಿ. ನಿಮ್ಮ ತೂಕದಲ್ಲಿ ನೂರಕ್ಕೆ 5ರಿಂದ 7, ಅಂದರೆ 4ರಿಂದ 6 ಕಿಲೋ ಕಡಿಮೆಯಾದರೂ ಶುಗರ್ ಕಾಯಿಲೆಯ ಅಪಾಯ ಚೆನ್ನಾಗಿ ತಗ್ಗುತ್ತದೆ. ಈಗ ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ, ತೋಟಕ್ಕೂ ಸ್ಕೂಟರ್. ಮೊದಲಿನ ಗುಡ್ಡ ಹತ್ತುವ ಕೆಲಸ ಉಳಿದಿಲ್ಲ. ದಿನಕ್ಕೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಕುಚ್ಚಲಕ್ಕಿ ಅನ್ನವಾದರೂ ರಾತ್ರಿ ಒಂದು ಸೌಟು ಕಡಿಮೆ ಬಡಿಸಿಕೊಳ್ಳಿ. ಆ ಜಾಗಕ್ಕೆ ಹೆಸರುಕಾಳು, ಬಸಳೆ, ಅಲಸಂಡೆ ಬರಲಿ. ಮೀನು ತಿನ್ನುವವರಾದರೆ ಹುರಿಯದೆ ಸಾರು ಮಾಡಿ.

ತೂಕ ಇಳಿಯತೊಡಗಿದ ಮೊದಲ ದಿನಗಳಲ್ಲಿ, ಹೊರಬರುವ ಕೊಬ್ಬನ್ನು ಸಾಗಿಸಲು ಮ್ಯಾಕ್ರೋಫೇಜ್‌ಗಳು ಇನ್ನಷ್ಟು ಬರುತ್ತವೆ, ಆಮೇಲೆ ಕಡಿಮೆಯಾಗುತ್ತವೆ. ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಆದ್ದರಿಂದ ತಿಂಗಳಿಗೊಮ್ಮೆ ಸಿಆರ್‌ಪಿ ಮಾಡಿಸಿ ಬೇಜಾರಾಗಬೇಡಿ. ಮಳೆಗಾಲದ ಜ್ವರ ಬಂದ ವಾರವಂತೂ ಬೇಡವೇ ಬೇಡ. ಮನೆಯಲ್ಲಿ ಟೇಪು ಇಟ್ಟುಕೊಳ್ಳಿ. ನಮ್ಮ ಗಂಡಸರಿಗೆ ಸುತ್ತಳತೆಯ ಮಿತಿ 90 ಸೆಂಟಿಮೀಟರ್. 103 ಇದ್ದದ್ದು ಮೂರು ತಿಂಗಳಲ್ಲಿ 99 ಆದರೂ ನನಗೆ ಬರೆದು ತಿಳಿಸಿ.