ಚುಕ್ಕಿ ಫ್ರಾಕಿನ ಆ ಮೂವರು ಹುಡುಗಿಯರು ಯಾರು, ಆಮೇಲೆ ಎಲ್ಲಿ ಹೋದರು?

ಚುಕ್ಕಿ ಚುಕ್ಕಿ ಫ್ರಾಕು ಹಾಕಿಕೊಂಡು ಮೂವರು ಹುಡುಗಿಯರು ಹಾಡುವ ಇಂಗ್ಲಿಷ್ ಹಾಡು, ಕೇಳಿದರೆ 60ರ ದಶಕದ್ದು, ವಿಡಿಯೊ ಮಾತ್ರ 2006ರದ್ದು ಅಂತ ಬರೆದಿದ್ದೀರಿ. ಅವರು ದಿ ಪಿಪೆಟ್ಸ್, ಇಂಗ್ಲೆಂಡಿನ ಬ್ರೈಟನ್ ಊರಿನ ಬ್ಯಾಂಡ್. ಹಾಡು ಬಹುಶಃ ‘ಪುಲ್ ಶೇಪ್ಸ್’. ಅದರ ವಿಡಿಯೊ 1970ರ ಒಂದು ಹಾಲಿವುಡ್ ಸಿನಿಮಾದ ಪಾರ್ಟಿ ದೃಶ್ಯವನ್ನು ಬೇಕಂತಲೇ ನಕಲು ಮಾಡಿದ್ದು. ನಾನೂ ಮೊದಲ ಸಲ ಯಾವುದೋ ಹಳೇ ಹಾಡು ಅಂದುಕೊಂಡೇ ಕೇಳಿದ್ದೆ.

ಈ ಬ್ಯಾಂಡ್ ಹುಟ್ಟಿದ್ದು ಒಂದು ಐಡಿಯಾದಿಂದ. 2003ರಲ್ಲಿ ಮಾನ್‌ಸ್ಟರ್ ಬಾಬಿ ಅಂತ ಕರೆಸಿಕೊಳ್ಳುವ ಗಿಟಾರ್ ವಾದಕ ಇದನ್ನು ಶುರು ಮಾಡಿದ. ಬೀಟಲ್ಸ್ ಅಮೆರಿಕಕ್ಕೆ ಕಾಲಿಡುವ ಮುಂಚೆ ಅಲ್ಲಿ ಶಿರೆಲ್ಸ್, ಕ್ರಿಸ್ಟಲ್ಸ್, ರಾನೆಟ್ಸ್ ಥರದ ಹುಡುಗಿಯರ ಗುಂಪುಗಳು ಜೋರಾಗಿದ್ದವು. ಆಮೇಲೆ ಗಿಟಾರ್ ಹಿಡಿದ ಗಂಡಸರದ್ದೇ ದರ್ಬಾರು. ಪಿಪೆಟ್ಸ್ ಆ ಹಳೇ ಜಾಗಕ್ಕೇ ವಾಪಸ್ ಹೋದರು. ಮುಂದೆ ಮೂವರು ಹುಡುಗಿಯರು, ಹಿಂದೆ ‘ಕ್ಯಾಸೆಟ್ಸ್’ ಅನ್ನೋ ನಾಲ್ಕು ಹುಡುಗರ ವಾದ್ಯತಂಡ.

ಸದ್ದಿನ ಮೂಲ ಫಿಲ್ ಸ್ಪೆಕ್ಟರ್, 60ರ ದಶಕದಲ್ಲಿ ಅಂಥ ಹುಡುಗಿಯರ ಗುಂಪುಗಳ ಹಾಡು ಮಾಡಿಸುತ್ತಿದ್ದ ಅಮೆರಿಕದ ನಿರ್ಮಾಪಕ. ಅವನು ಒಂದೇ ಸಾಲನ್ನು ಹಲವು ಗಿಟಾರ್, ಪಿಯಾನೊಗಳಲ್ಲಿ ಒಟ್ಟಿಗೆ ನುಡಿಸಿ, ಪ್ರತಿಧ್ವನಿಯ ಕೋಣೆಗೆ ಹಾಯಿಸಿ ಮೊನೊದಲ್ಲಿ, ಅಂದರೆ ಎಲ್ಲ ಸದ್ದನ್ನೂ ಒಂದೇ ಚಾನೆಲ್‌ಗೆ ಸೇರಿಸಿ, ಮುದ್ರಿಸುತ್ತಿದ್ದ. ಯಾವ ವಾದ್ಯ ಯಾವುದು ಅಂತ ಬಿಡಿಸೋಕೇ ಆಗಲ್ಲ, ಗೋಡೆ ಥರ ಬಂದು ಬಡಿಯುತ್ತದೆ. ಪಿಪೆಟ್ಸ್ ಹತ್ತಿರ ಅಷ್ಟು ದುಡ್ಡೆಲ್ಲಿತ್ತು? ಆದರೂ ತಂತಿವಾದ್ಯ, ಚಪ್ಪಾಳೆ, ಮೂರು ಕಂಠ ಸೇರಿಸಿ ಅದೇ ಗುಂಗು ತಂದರು. ನನಗೆ ಜಾಸ್ತಿ ಇಷ್ಟವಾಗುವುದು ಮಾತುಗಳು. ಹಳೇ ಹಾಡುಗಳ ಹುಡುಗಿ ಹುಡುಗನಿಗಾಗಿ ಕಾಯುತ್ತಾ ಕೂತಿರುತ್ತಾಳೆ. ಇವರ ಹುಡುಗಿ ಸಾಕು ನಡಿ ಅಂತ ಅವನನ್ನು ಬಾಗಿಲ ತನಕ ಬಿಟ್ಟು ಬರುತ್ತಾಳೆ. ಒಂದು ಹಾಡಿನ ಹೆಸರೇ ಹೆಚ್ಚು ಕಡಿಮೆ ‘ನಿನ್ನ ಮುತ್ತೆಲ್ಲ ನನ್ನ ಮೇಲೆ ದಂಡ’!

ಹಾಗಾದರೆ ಯಾಕೆ ಉಳಿಯಲಿಲ್ಲ? ನನ್ನ ಲೆಕ್ಕದಲ್ಲಿ ಆ ಫ್ರಾಕೇ ಕಾರಣ. ಯೂನಿಫಾರಂ ಹಾಕಿದ ಮೇಲೆ ಒಬ್ಬರು ಹೋದರೆ ಇನ್ನೊಬ್ಬರನ್ನು ತಂದು ನಿಲ್ಲಿಸಬಹುದು, ಅಲ್ವಾ? ಮೊದಲ ಮೂವರಲ್ಲಿದ್ದ ಜೂಲಿಯಾ ಬಿಟ್ಟಾಗ ಗ್ವೆನ್ನೋ ಬಂದಳು, ಏನೂ ಆಗಲಿಲ್ಲ. ಆದರೆ 2008ರಲ್ಲಿ ಮೊದಲ ಮೂವರಲ್ಲಿ ಉಳಿದಿದ್ದ ರೋಸ್ ಮತ್ತು ಬೆಕಿ ಇಬ್ಬರೂ ಹೋದರು. ಗ್ವೆನ್ನೋ ತನ್ನ ತಂಗಿ ಆನಿಯನ್ನು ಕರೆತಂದಳು. 2010ರ ಎರಡನೇ ಆಲ್ಬಮ್ ಮಾಡಿಸಿದ್ದು ಮಾರ್ಟಿನ್ ರಶೆಂಟ್, 80ರ ದಶಕದ ಸಿಂಥ್ ಪಾಪ್‌ಗೆ, ಅಂದರೆ ಸಿಂಥಸೈಜರ್ ಕೀಬೋರ್ಡಿನ ಪಾಪ್‌ಗೆ, ಹೆಸರಾದವನು. ಅಲ್ಲಿಗೆ 60ರ ದಶಕವೂ ಕೈಬಿಟ್ಟಿತು. ಫ್ರಾಕಿಲ್ಲ, ಗೋಡೆಯಿಲ್ಲ, ಬರೀ ಹೆಸರು. ಸ್ವಲ್ಪ ದಿನಕ್ಕೆ ಅದೂ ಮುಗಿಯಿತು.

ರೋಸ್ ಒಬ್ಬಳೇ ಆಲ್ಬಮ್ ಮಾಡಿದಳು. ಗ್ವೆನ್ನೋ ಕಥೆ ಇನ್ನೂ ಮಜವಾಗಿದೆ. ವೇಲ್ಸ್‌ನ ರಾಜಧಾನಿ ಕಾರ್ಡಿಫ್‌ನವಳು, ಅಪ್ಪ ಕಾರ್ನಿಶ್ ಭಾಷೆಯ, ಅಂದರೆ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಭಾಷೆಯ, ಕವಿ. ಮೊದಲು ವೇಲ್ಸ್‌ನ ಭಾಷೆಯಾದ ವೆಲ್ಷ್‌ನಲ್ಲಿ ಒಂದು ಆಲ್ಬಮ್, ಆಮೇಲೆ 2018ರಲ್ಲಿ ಪೂರ್ತಿ ಕಾರ್ನಿಶ್‌ನಲ್ಲೇ ‘ಲೆ ಕೋವ್’. ಆಡುವವರೇ ಇಲ್ಲವಾಗಿ, ಕಳೆದ ಶತಮಾನದಲ್ಲಿ ಮತ್ತೆ ಕಲಿತು ಎಬ್ಬಿಸಿದ ಭಾಷೆ ಅದು. 2022ರಲ್ಲಿ ಅವಳ ‘ಟ್ರೆಸರ್’ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿಯ ಕೊನೆಯ ಸುತ್ತಿನ ಪಟ್ಟಿಗೂ ಬಂತು.

ಕೇಳೋದಾದರೆ 2006ರ ‘ವೀ ಆರ್ ದಿ ಪಿಪೆಟ್ಸ್’ ಹಾಕಿ, ಅರ್ಧ ಗಂಟೆ ಚಿಲ್ಲರೆ ಅಷ್ಟೇ. ಎರಡನೆಯದನ್ನು ಬಿಟ್ಟರೂ ನಷ್ಟವಿಲ್ಲ.