ಊರೂರ ಊಟ: ನಡುರಾತ್ರಿಯ ರಾಮೆನ್ ಅಂಗಡಿ

ಪ್ರಶ್ನೆ: ಕಂಪನಿ ಕೆಲಸದ ಮೇಲೆ ಮುಂದಿನ ತಿಂಗಳು ಜಪಾನಿನ ಫುಕುವೊಕಾಗೆ ಹೊರಟಿದ್ದೇನೆ. ಮೂರು ತಿಂಗಳು ಇರಬೇಕು. ಕೆಲಸ ಮುಗಿಯುವಾಗ ರಾತ್ರಿ ಹನ್ನೊಂದಾಗುತ್ತದಂತೆ. ಆ ಹೊತ್ತಿಗೆ ರಾಮೆನ್, ಅಂದರೆ ಬಿಸಿ ಸೂಪಿನಲ್ಲಿ ಹಾಕಿಕೊಡುವ ನೂಡಲ್ಸ್, ಮಾರುವ ಸಣ್ಣ ಅಂಗಡಿಗಳೇ ಗತಿ ಎನ್ನುತ್ತಾರೆ. ನಾನು ಮಾಂಸ ತಿನ್ನುತ್ತೇನೆ, ಅದರ ಚಿಂತೆ ಇಲ್ಲ. ಆದರೆ ಭಾಷೆ ಬರುವುದಿಲ್ಲ. ಹೆಣ್ಣುಮಗಳು ಒಬ್ಬಳೇ ಹೋಗಿ ಕೂರಬಹುದಾ? ಸದ್ದು ಮಾಡಿ ತಿನ್ನಬೇಕು ಅನ್ನುವುದು ನಿಜವಾ?
– ಓದುಗರು, ದಾವಣಗೆರೆ

ಉತ್ತರ: ಖಂಡಿತ ಹೋಗಿ. ನಾನು ಅದೇ ಊರಲ್ಲಿ ನಾಲ್ಕು ವರ್ಷ ಇದ್ದೆ. ಲ್ಯಾಬಿನಿಂದ ಹೊರಗೆ ಬರುವಾಗ ಹನ್ನೊಂದೂವರೆ ಆಗುತ್ತಿತ್ತು. ಮನೆಯ ದಾರಿಯಲ್ಲಿ ಎಂಟೇ ಸ್ಟೂಲಿನ ಒಂದು ಅಂಗಡಿ ಇತ್ತು. ಅಲ್ಲಿಗೆ ಜೊತೆಯಲ್ಲಿ ಬರುವವರಿಗಿಂತ ಒಬ್ಬರೇ ಬರುವವರು ಜಾಸ್ತಿ. ಟ್ಯಾಕ್ಸಿ ಓಡಿಸುವವರು, ಪಾಳಿ ಮುಗಿಸಿದ ನರ್ಸ್, ಗೆಳೆಯರ ಜೊತೆ ಕುಡಿದು ಕೊನೆಗೊಂದು ಬಟ್ಟಲು ರಾಮೆನ್ ತಿಂದು ಮನೆಗೆ ಹೊರಡುವ ಆಫೀಸಿನವರು. ಎಲ್ಲರೂ ಅಡುಗೆಯವರ ಕಡೆ ಮುಖ ಮಾಡಿ ಸಾಲಾಗಿ ಕೂರುತ್ತಾರೆ. ಪಕ್ಕದವಳು ಯಾರು, ಯಾಕೆ ಒಬ್ಬಳೇ ಬಂದಳು ಅಂತ ಯಾರೂ ನೋಡುವುದಿಲ್ಲ. ನಮ್ಮೂರಲ್ಲಿ ಅಷ್ಟು ಹೊತ್ತಿನಲ್ಲಿ ಒಬ್ಬಳೇ ಹೋಟೆಲಲ್ಲಿ ಕೂತರೆ ಎಷ್ಟು ಕಣ್ಣು ಇತ್ತ ತಿರುಗುತ್ತವೆ, ನಿಮಗೂ ಗೊತ್ತಲ್ವಾ? ಆ ಭಾರ ಇಲ್ಲದೆ ಉಂಡ ಮೊದಲ ರಾತ್ರಿ ನನಗೆ ಇವತ್ತಿಗೂ ನೆನಪಿದೆ.

ಆದರೆ ವಾಸನೆಗೆ ಸಿದ್ಧರಾಗಿ ಹೋಗಿ. ಫುಕುವೊಕಾದ ರಾಮೆನ್ ಅಂದರೆ ತೊಂಕೊತ್ಸು, ಹಂದಿ ಮೂಳೆಯ ಸೂಪ್. ಮೂಳೆಗಳನ್ನು ಗಂಟೆಗಟ್ಟಲೆ ಜೋರು ಉರಿಯಲ್ಲಿ ಕುದಿಸುತ್ತಾರೆ. ಮಜ್ಜೆ, ಕೊಬ್ಬು ಎಲ್ಲ ನೀರಿನಲ್ಲಿ ಬೆರೆತು ಸೂಪ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಆ ವಾಸನೆ ಬೀದಿ ತಿರುವಿನಲ್ಲೇ ಮೂಗಿಗೆ ಬಡಿಯುತ್ತದೆ. ಮೊದಲ ಸಲ ನಾನು ಬಾಗಿಲ ತನಕ ಹೋಗಿ ವಾಪಸ್ ಬಂದೆ. ಮೂರನೇ ಸಲ ಒಳಗೆ ಹೋದೆ. ಬಾಯಿಗೆ ಇಟ್ಟಾಗ ಆ ವಾಸನೆಯ ಕಾಟವೇ ಇಲ್ಲ, ಬರೀ ಸವಿ.

ಬಾಗಿಲಿಗೆ ಬಟ್ಟೆಯ ಗಿಡ್ಡ ಪರದೆ ಇಳಿಬಿಟ್ಟಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಅದನ್ನು ಒಳಗೆ ಎತ್ತಿಟ್ಟಿದ್ದರೆ ಮುಗಿಯಿತು. ಭಾಷೆಯ ಚಿಂತೆ ಬೇಡ. ಎಷ್ಟೋ ಕಡೆ ಬಾಗಿಲ ಪಕ್ಕದಲ್ಲೇ ಟಿಕೆಟ್ ಮೆಷಿನ್ ಇರುತ್ತದೆ. ದುಡ್ಡು ಹಾಕಿ, ಬಟನ್ ಒತ್ತಿ, ಬಂದ ಚೀಟಿಯನ್ನು ಕೌಂಟರ್ ಮೇಲೆ ಇಟ್ಟರೆ ಆಯಿತು. ಏನೂ ತಿಳಿಯದಿದ್ದರೆ ಎಡಗಡೆ ಮೇಲಿನ ಬಟನ್ ಒತ್ತಿ. ಸಾಮಾನ್ಯವಾಗಿ ಅದೇ ಆ ಅಂಗಡಿಯ ಮುಖ್ಯ ರಾಮೆನ್. ಸಾವಿರ ಯೆನ್ನಿನ ನೋಟು, ಚಿಲ್ಲರೆ ಜೊತೆಯಲ್ಲಿರಲಿ. ಹಳೇ ಮೆಷಿನ್‌ಗಳು ದೊಡ್ಡ ನೋಟು ನುಂಗುವುದಿಲ್ಲ. 2024ರ ಜುಲೈನಲ್ಲಿ ಹೊಸ ನೋಟು ಬಂದಾಗ ಸಣ್ಣ ಅಂಗಡಿಯವರಿಗೆ ಮೆಷಿನ್ ಬದಲಿಸುವ ಖರ್ಚೇ ದೊಡ್ಡ ತಲೆನೋವಾಗಿತ್ತು. ಟಿಪ್ಸ್ ಕೊಡಬೇಡಿ, ಅಲ್ಲಿ ಆ ರೂಢಿ ಇಲ್ಲ.

ಅಡುಗೆಯವರು ನಿಮ್ಮನ್ನು ಕೇಳುವುದು ಬಹುಶಃ ಒಂದೇ ಪ್ರಶ್ನೆ: ನೂಡಲ್ಸ್ ಎಷ್ಟು ಬೇಯಬೇಕು? ಮೆತ್ತಗೆ ಬೇಕಾದರೆ 'ಯಾವಾ', ಹದವಾಗಿ ಬೇಕಾದರೆ 'ಫುತ್ಸು', ಗಟ್ಟಿಯಾಗಿ ಬೇಕಾದರೆ 'ಕಾತಾ', ಇನ್ನೂ ಗಟ್ಟಿಗೆ 'ಬಾರಿಕಾತಾ'. ನೀವು 'ಕಾತಾ' ಅನ್ನಿ. ಆ ನೂಡಲ್ಸ್ ಶ್ಯಾವಿಗೆಗಿಂತ ತುಸು ದಪ್ಪ, ಅಷ್ಟೇ. ಬೇಯಲು ಒಂದು ನಿಮಿಷವೂ ಬೇಡ. ಬಿಸಿ ಸೂಪಿನಲ್ಲಿ ಅದು ಬೇಯುತ್ತಲೇ ಇರುತ್ತದೆ. ಮೆತ್ತಗೆ ಹೇಳಿದರೆ ಅರ್ಧ ತಿನ್ನುವುದರಲ್ಲಿ ಮುದ್ದೆಯಾಗುತ್ತದೆ.

ಇದರ ಹಿಂದೆ ಒಂದು ಕಾರಣ ಇದೆ. ಆ ಊರಿನ ನಾಗಹಾಮಾ ಎಂಬಲ್ಲಿ ಮೀನು ಮಾರುಕಟ್ಟೆ ಇದೆ. 1950ರ ದಶಕದಲ್ಲಿ ಅಲ್ಲಿನ ಕೆಲಸಗಾರರಿಗೆ ನಿಂತು ಉಣ್ಣಲೂ ಪುರುಸೊತ್ತು ಇರಲಿಲ್ಲ. ಹಾಗಾಗಿ ಬೇಗ ಬೇಯುವ ಸಣ್ಣ ಎಳೆ. ಬೇಗ ಮೆತ್ತಗಾಗುತ್ತದೆ ಅಂತ ಒಂದು ಸಲಕ್ಕೆ ಸ್ವಲ್ಪವೇ ಬಡಿಸುವುದು. ಇನ್ನೂ ಹಸಿವಿದ್ದರೆ 'ಕಾಯೆದಾಮಾ' ಅಂದರೆ ಸಾಕು, ಬರೀ ನೂಡಲ್ಸ್ ತಂದು ನಿಮ್ಮ ಬಟ್ಟಲಿಗೇ ಹಾಕುತ್ತಾರೆ. ಅದಕ್ಕೆ ಸೂಪ್ ಉಳಿಸಿಕೊಂಡಿರಬೇಕು. ಇನ್ನೆರಡು ತುತ್ತು ಇರುವಾಗಲೇ ಹೇಳಿಬಿಡಿ. ಸೂಪ್ ಸಪ್ಪೆಯಾಯಿತು ಅನ್ನಿಸಿದರೆ ಕೌಂಟರ್ ಮೇಲೆ ಸಣ್ಣ ಜಗ್ಗಿನಲ್ಲಿ ಉಪ್ಪುಪ್ಪಾದ ಸಾಸ್ ಇರುತ್ತದೆ. ಕೆಂಪು ಶುಂಠಿ ಉಪ್ಪಿನಕಾಯಿ, ಎಳ್ಳು, ಸಾಸಿವೆ ಸೊಪ್ಪಿನ ಖಾರದ ಉಪ್ಪಿನಕಾಯಿ ಕೂಡ ಅಲ್ಲೇ. ಆ ಸೊಪ್ಪು ನಿಮ್ಮ ದಾವಣಗೆರೆ ನಾಲಿಗೆಗೆ ಹಿಡಿಸುತ್ತದೆ. ಆದರೆ ಮೊದಲು ಸೂಪನ್ನು ಹಾಗೇ ಒಂದು ಗುಟುಕು ಕುಡಿಯಿರಿ. ರಾತ್ರಿಯೆಲ್ಲ ಒಲೆ ಮುಂದೆ ನಿಂತವರ ಕೆಲಸ ಅದು.

ಸದ್ದಿನ ವಿಷಯ. ಮಾಡಲೇಬೇಕು ಅಂತಿಲ್ಲ, ಮಾಡಿದರೆ ತಪ್ಪೂ ಅಲ್ಲ. ಸೊರ್ ಅಂತ ಎಳೆದರೆ ಗಾಳಿಯೂ ಸೇರಿ ಬಿಸಿ ತಣಿಯುತ್ತದೆ, ಪರಿಮಳ ಮೂಗಿಗೆ ಏರುತ್ತದೆ. ಮದುವೆ ಮನೆಯಲ್ಲಿ ಎಲೆಯ ಮೇಲಿನ ಪಾಯಸವನ್ನು ಅಂಗೈಯಿಂದ ಸುರಿದು ತಿಂದವರು ನಾವು. ಎರಡೇ ದಿನದಲ್ಲಿ ಬಂದುಬಿಡುತ್ತದೆ. ಮುಜುಗರ ಆಗಬೇಕಾದದ್ದು ಮೊಬೈಲ್ ನೋಡುತ್ತಾ ಕೂರಲು. ಹೊರಗೆ ಜನ ಕಾಯುತ್ತಿರುತ್ತಾರೆ. ಹತ್ತು ಹದಿನೈದು ನಿಮಿಷದಲ್ಲಿ ಎದ್ದುಬಿಡಿ. ಸೂಪ್ ಪೂರ್ತಿ ಕುಡಿಯದಿದ್ದರೂ ಪರವಾಗಿಲ್ಲ, ಉಪ್ಪು ಜಾಸ್ತಿ ಇರುತ್ತದೆ. ಬಟ್ಟಲನ್ನು ಕೌಂಟರಿನ ಮೇಲುಗಟ್ಟೆಗೆ ಎತ್ತಿಟ್ಟು 'ಗೊಚಿಸೊಸಾಮಾ ದೆಶಿತಾ' ಅನ್ನಿ. ಊಟ ಚೆನ್ನಾಗಿ ಆಯಿತು ಅಂತ. ಮೆಟ್ರೋದ ಕೊನೆ ರೈಲು ನಡುರಾತ್ರಿ ಹೊತ್ತಿಗೆ ಹೋಗಿಬಿಡುತ್ತದೆ, ಗಡಿಯಾರ ನೋಡಿಕೊಳ್ಳಿ.

ಪ್ರಶ್ನೆ: ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ ರಾಮೆನ್ ಕೂಡ ಅದೇನಾ?
– ಓದುಗರು, ಹಾಸನ

ಉತ್ತರ: ಅಲ್ಲ. ಅದನ್ನು 1958ರಲ್ಲಿ ಮೊಮೊಫುಕು ಆಂಡೊ ಮಾರುಕಟ್ಟೆಗೆ ತಂದರು. ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ನೀರಿನಂಶ ತೆಗೆಯುವುದು ಅದರ ಗುಟ್ಟು. ಹಸಿವಿಗೆ ಒಳ್ಳೆಯದೇ. ಆದರೆ ಮೂಳೆ ಕುದಿಸಿದ ಸೂಪ್ ಪುಡಿಯಿಂದ ಬರುವುದಿಲ್ಲ.

ಪ್ರಶ್ನೆ: ಮಗ ಟೋಕಿಯೋದಲ್ಲಿ ಓದುತ್ತಿದ್ದಾನೆ. ನಾವು ಸಸ್ಯಾಹಾರಿಗಳು. ರಾತ್ರಿ ತರಕಾರಿ ರಾಮೆನ್ ತಿಂದೆ ಅನ್ನುತ್ತಾನೆ. ಅದು ಸರಿಯಾ?
– ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮ, ಇದನ್ನು ನೇರವಾಗಿಯೇ ಹೇಳಬೇಕು. ಮೇಲೆ ತರಕಾರಿ ಇದ್ದರೂ ಕೆಳಗಿನ ಸೂಪ್ ಸಾಮಾನ್ಯವಾಗಿ ಹಂದಿ, ಕೋಳಿ ಅಥವಾ ಒಣಮೀನಿನದ್ದು. ಮಾಂಸದ ತುಂಡು ತೆಗೆದಿಟ್ಟರೆ ಸಸ್ಯಾಹಾರ ಆಗುವುದಿಲ್ಲ. 'ಮಾಂಸ ಬೇಡ' ಅಂದರೆ ಅವರು ತುಂಡನ್ನಷ್ಟೇ ಬಿಡುತ್ತಾರೆ. ಮಗ ಸೂಪಿನ ಬಗ್ಗೆ, ಅಂದರೆ 'ದಾಶಿ' ಬಗ್ಗೆ ಬೇರೆಯಾಗಿಯೇ ಕೇಳಬೇಕು. ಅವನನ್ನು ಬೈಯಬೇಡಿ, ಗೊತ್ತಿಲ್ಲದೆ ತಿಂದಿರಬಹುದು.

ಟೋಕಿಯೋ ಸ್ಟೇಷನ್ ಒಳಗೆ 'ಟೀಸ್ ತಾನ್‌ತಾನ್' ಅಂತ ಒಂದು ಅಂಗಡಿ ಇದೆ. ಅಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಏನೂ ಬಳಸುವುದಿಲ್ಲ. ಎಳ್ಳಿನ ದಪ್ಪ ಸೂಪಿನ ರಾಮೆನ್ ತುಂಬಾ ರುಚಿ. ಆದರೆ ನಡುರಾತ್ರಿ ತನಕ ತೆರೆದಿರುವುದಿಲ್ಲ, ಬೇಗ ಹೋಗಬೇಕು.

ನನ್ನ ಎಂಟು ಸ್ಟೂಲಿನ ಅಂಗಡಿಗೆ ಒಮ್ಮೆ ಸಸ್ಯಾಹಾರಿ ಗೆಳತಿಯೊಬ್ಬಳನ್ನು ಕರೆದುಕೊಂಡು ಹೋಗಿದ್ದೆ. ಸುಮ್ನೆ ಜೊತೆಗೆ ಕೂರಲಿ ಅಂತ. ನಾನು ವಿಷಯ ಹೇಳಿದ ಕೂಡಲೇ ಅಡುಗೆಯವರು ಹಂಡೆಯ ಮುಚ್ಚಳ ತೆಗೆದು ಮೂಳೆ ತೋರಿಸಿದರು. ಎರಡು ಕೈಯನ್ನು ಎದೆ ಮುಂದೆ ಕತ್ತರಿ ಹಾಕಿ 'ಬೇಡ' ಅಂದರು. ಆಮೇಲೆ ಒಂದು ಬಟ್ಟಲು ಬಿಳಿ ಅನ್ನ ಬಡಿಸಿ, ಎಳ್ಳು ಉದುರಿಸಿ, ಕೆಂಪು ಶುಂಠಿ ಇಟ್ಟು ಅವಳ ಮುಂದೆ ಸರಿಸಿದರು. ಅನ್ನದ ದುಡ್ಡು ಮಾತ್ರ ತೆಗೆದುಕೊಂಡರು. ನಿಮ್ಮ ಮಗನೂ ನಾಚಿಕೊಳ್ಳದೆ ಕೇಳಲಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ.