ಓದುಗರ ಪ್ರಶ್ನೆ: ಹೆಚ್ಚಿದ್ದು ಸಂಬಳವೋ, ದುಡಿಮೆಯ ಹೊತ್ತೋ?

ಪ್ರಶ್ನೆ: ನಷ್ಟದ ಕಾರಣ ಹೇಳಿ ಕಂಪನಿಯವರು ನನ್ನನ್ನು ಕೆಲಸದಿಂದ ತೆಗೆದು ಏಳು ತಿಂಗಳಾಯಿತು. ಲೆಕ್ಕಪತ್ರ ವಿಭಾಗದಲ್ಲಿ ಒಂಬತ್ತು ವರ್ಷಗಳ ಅನುಭವವಿದೆ. ಈಗ ಎರಡು ಕಡೆ ಕೆಲಸ ಸಿಗುವಂತಿದೆ. ಒಂದು ಕಡೆ ಹಿಂದಿನಷ್ಟೇ ಸಂಬಳ, ದಿನಕ್ಕೆ ಎಂಟು ಗಂಟೆಗಳ ಕೆಲಸ. ಇನ್ನೊಂದು ಕಡೆ ಶೇ 20ರಷ್ಟು ಹೆಚ್ಚು ಸಂಬಳ, ಆದರೆ ದಿನಕ್ಕೆ ಹತ್ತು ಗಂಟೆ ದುಡಿಯಬೇಕು. ಎರಡೂ ಕಡೆ ವಾರಕ್ಕೆ ಆರು ದಿನ. ಮನೆಯವರೆಲ್ಲ ಎರಡನೆಯದನ್ನೇ ಒಪ್ಪಿಕೊಳ್ಳಲು ಹೇಳುತ್ತಿದ್ದಾರೆ. ಇಂಥ ಕಾಲದಲ್ಲಿ ಸಂಬಳದ ವಿಷಯದಲ್ಲಿ ಚೌಕಾಸಿ ಮಾಡಬಹುದೇ?

ಉತ್ತರ: ಮನೆಯವರ ಮುಂದೆ ಒಂದು ಹಾಳೆ ಇಟ್ಟು ಈ ಲೆಕ್ಕ ಬರೆದು ತೋರಿಸಿ. ವಾರದ ಸಂಬಳ 100 ಎಂದಿಟ್ಟುಕೊಂಡರೆ, ಮೊದಲನೆಯ ಕಡೆ 48 ಗಂಟೆಗಳ ದುಡಿಮೆಗೆ 100, ಅಂದರೆ ಗಂಟೆಗೆ ಸುಮಾರು 2.08. ಎರಡನೆಯ ಕಡೆ 60 ಗಂಟೆಗಳಿಗೆ 120, ಅಂದರೆ ಗಂಟೆಗೆ ಬರೀ 2. ಸಂಬಳ ಶೇ 20ರಷ್ಟು ಏರಿದರೆ ಹೊತ್ತು ಶೇ 25ರಷ್ಟು ಏರಿದೆ. ನಿಮ್ಮ ಒಂದು ಗಂಟೆಯ ಬೆಲೆ ಶೇ 4ರಷ್ಟು ಇಳಿದಿದೆ. ಹೋಗಿ ಬರುವ ಹೊತ್ತನ್ನೂ ಖರ್ಚನ್ನೂ ಸೇರಿಸಿದರೆ ಯಾವುದು ಲಾಭ ಎಂಬುದು ಇನ್ನಷ್ಟು ಸ್ಪಷ್ಟವಾಗುತ್ತದೆ.

ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು ಕೈಗಾರಿಕೆಗಳಿಗಾಗಿ 1919ರ ತನ್ನ ಮೊದಲನೆಯ ಒಡಂಬಡಿಕೆಯಲ್ಲೇ ಅಂಗೀಕರಿಸಿತು. 1930ರಲ್ಲಿ ವಾಣಿಜ್ಯ ಸಂಸ್ಥೆಗಳಿಗೂ ಕಚೇರಿಗಳಿಗೂ ಪ್ರತ್ಯೇಕ ಒಡಂಬಡಿಕೆ ಬಂತು. ಮೊದಲನೆಯ ಒಡಂಬಡಿಕೆಯ ಪ್ರಕಾರ ಹೆಚ್ಚುವರಿ ಗಂಟೆಗೆ ಸಾಮಾನ್ಯ ದರದ ಒಂದೂಕಾಲು ಪಟ್ಟಿಗಿಂತ ಕಡಿಮೆ ಕೊಡುವಂತಿಲ್ಲ. ಆಯಾ ದೇಶದ ಕಾನೂನು ಇದಕ್ಕಿಂತ ಹೆಚ್ಚನ್ನೂ ಹೇಳಿರಬಹುದಾದ್ದರಿಂದ ಅದನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು. ಈ ಕನಿಷ್ಠ ದರವನ್ನೇ ಹಿಡಿದರೂ ವಾರದ 12 ಹೆಚ್ಚುವರಿ ಗಂಟೆಗಳಿಗೆ ಸುಮಾರು 31 ಸಿಗಬೇಕು, ಒಟ್ಟು 131. ಅವರು ಕೊಡುತ್ತಿರುವುದು 120. ‘ಇಲ್ಲಿ ನಾವೆಲ್ಲ ಒಂದೇ ಮನೆಯವರಂತೆ’ ಎಂಬ ಮಾತನ್ನು ಸಂದರ್ಶನದಲ್ಲಿ ಕೇಳಿದಾಗ ನಾನಂತೂ ಮೊದಲು ನೋಡುವುದು ಓವರ್‌ಟೈಮ್‌ನ ಷರತ್ತನ್ನೇ.

ಹಾಗೆಂದು ಮೊದಲನೆಯದನ್ನು ಕಣ್ಣುಮುಚ್ಚಿ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ನಿಮ್ಮ ಹಳೆಯ ಸಂಬಳ ಕೊನೆಯ ಬಾರಿ ಏರಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ಅಲ್ಲಿಂದೀಚೆಗೆ ಬೆಲೆಗಳು ಎಷ್ಟು ಏರಿವೆಯೋ ಅಷ್ಟರಮಟ್ಟಿಗೆ ‘ಹಿಂದಿನಷ್ಟೇ ಸಂಬಳ’ ಎಂಬುದು ಕಡಿತವೇ ಸರಿ. ಚೌಕಾಸಿಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಡ. ಆಯ್ಕೆಯಾಗಿದ್ದೀರೆಂದು ತಿಳಿಸಿದ ಮೇಲೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ‘ಕೆಲಸ ನನಗೆ ಒಪ್ಪಿಗೆಯಿದೆ, ಬೆಲೆಯೇರಿಕೆಯನ್ನೂ ನನ್ನ ಅನುಭವವನ್ನೂ ಪರಿಗಣಿಸಿ ಮೂಲ ವೇತನವನ್ನು ಇಷ್ಟಕ್ಕೆ ಏರಿಸಲು ಸಾಧ್ಯವೇ?’ ಎಂದು ನಿರ್ದಿಷ್ಟ ಮೊತ್ತ ಹೇಳಿ ಕೇಳಿ, ಆಮೇಲೆ ಸುಮ್ಮನಿರಿ. ಹತ್ತಾರು ಅರ್ಜಿ ಸೋಸಿ ಒಬ್ಬರನ್ನು ಆರಿಸಿದವರು, ಆ ಒಬ್ಬರು ವಿನಯದಿಂದ ಒಮ್ಮೆ ಕೇಳಿದ ಮಾತ್ರಕ್ಕೆ ಬಾಗಿಲು ಹಾಕುವುದು ವಿರಳ. ಆಗುವುದಿಲ್ಲ ಎಂದರೆ ಆರು ತಿಂಗಳ ನಂತರ ವೇತನ ಪರಿಶೀಲಿಸುವುದಾಗಿ ನೇಮಕಾತಿ ಪತ್ರದಲ್ಲೇ ಬರೆಸಿಕೊಳ್ಳಿ, ಏಕೆಂದರೆ ಬಾಯಿಮಾತಿನ ಭರವಸೆ ಕೊಟ್ಟ ಮ್ಯಾನೇಜರ್ ಆ ಹೊತ್ತಿಗೆ ಅಲ್ಲೇ ಇರುತ್ತಾರೆಂಬ ಖಾತ್ರಿಯಿಲ್ಲ.

ಏಳು ತಿಂಗಳಲ್ಲಿ ಉಳಿತಾಯ ಕರಗಿ ಸಾಲ ಏರಿದ್ದರೆ, ಕೈಗೆ ಬರುವ ಒಟ್ಟು ಮೊತ್ತವೇ ಮುಖ್ಯವೆಂದು ನೀವು ಎರಡನೆಯದನ್ನು ಆರಿಸಿಕೊಳ್ಳಬಹುದು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಬಡ್ತಿಯೆಂದು ತಿಳಿಯದೆ, ಹೊತ್ತನ್ನು ಅಗ್ಗವಾಗಿ ಮಾರುತ್ತಿದ್ದೇನೆಂದು ತಿಳಿದೇ ಮಾಡಿ.

ಪ್ರಶ್ನೆ: ಪದವಿ ಮುಗಿಸಿ ವರ್ಷವಾಯಿತು. ಸಿಕ್ಕಿರುವ ಒಂದೇ ಕೆಲಸದ ಸಂಬಳ ತೀರಾ ಕಡಿಮೆ. ಒಮ್ಮೆ ಕಡಿಮೆಗೆ ಒಪ್ಪಿದರೆ ಜೀವನಪೂರ್ತಿ ಕಡಿಮೆಯೇ ಎಂದು ಗೆಳೆಯರು ಹೆದರಿಸುತ್ತಾರೆ. ಕಾಯಲೇ, ಸೇರಲೇ?

ಉತ್ತರ: ಗೆಳೆಯರ ಮಾತಿನಲ್ಲಿ ಅರ್ಧ ಸತ್ಯವಿದೆ. ಆರ್ಥಿಕ ಹಿಂಜರಿತದ ವರ್ಷಗಳಲ್ಲಿ ಓದು ಮುಗಿಸಿದ ಕೆನಡಾದ ಪದವೀಧರರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆರಂಭದ ಸಂಬಳದ ಕೊರತೆ ತುಂಬಿಬರಲು ಸುಮಾರು ಹತ್ತು ವರ್ಷ ಹಿಡಿದದ್ದು ಕಂಡುಬಂತು. ಆದರೆ ಅದು ತುಂಬಿಬಂದದ್ದರಲ್ಲಿ ಕ್ರಮೇಣ ಹೆಚ್ಚು ಸಂಬಳ ಕೊಡುವ ಸಂಸ್ಥೆಗಳಿಗೆ ಬದಲಾದದ್ದರ ಪಾತ್ರ ದೊಡ್ಡದು. ಹಾಗಾಗಿ ಮುಂದಿನ ಕೆಲಸಕ್ಕೆ ದಾರಿಯಾಗುವಂಥದ್ದನ್ನು ಅಲ್ಲಿ ಕಲಿಯಬಹುದಾದರೆ ಸೇರಿಕೊಳ್ಳಿ, ಆದರೆ ಹುಡುಕುವುದನ್ನು ನಿಲ್ಲಿಸಬೇಡಿ. ಮುಂದಿನ ಸಂದರ್ಶನದಲ್ಲಿ ಈಗಿನ ಸಂಬಳವೆಷ್ಟೆಂದು ಕೇಳಿದರೆ, ಆ ಹುದ್ದೆಗೆ ಸಲ್ಲುವ ವೇತನದ ಕಡೆಗೆ ಮಾತು ತಿರುಗಿಸಿ. ಈಗಿನ ಸಂಬಳದಿಂದಲೇ ಲೆಕ್ಕ ಶುರುವಾದರೆ ಕೊರತೆ ನಿಮ್ಮ ಬೆನ್ನು ಬಿಡುವುದಿಲ್ಲ.

ಹುಡುಕುವ ಬಗೆಯ ಕುರಿತೂ ಒಂದು ಮಾತು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದಂತೆ, ಪರಿಚಯದವರ ಮೂಲಕ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಸುದ್ದಿ ಕೊಟ್ಟವರು ಆಪ್ತರಲ್ಲ, ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಭೇಟಿಯಾಗುವವರು. ಆಪ್ತರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆಯಲ್ಲ. ಮೂರು ವರ್ಷಗಳಿಂದ ಮಾತಾಡದ ಸಹಪಾಠಿಗೆ ಫೋನ್ ಮಾಡಲು ಸಂಕೋಚವಾಗುತ್ತದೆ, ನಿಜ, ಆದರೂ ಮಾಡಿ.

ಪ್ರಶ್ನೆ: ಕೆಲಸ ಕೊಡಿಸುವ ಏಜೆನ್ಸಿಯೊಂದು ನೋಂದಣಿಗೆಂದು ಮುಂಗಡ ಹಣವನ್ನೂ ಮೂಲ ಅಂಕಪಟ್ಟಿಗಳನ್ನೂ ಕೇಳುತ್ತಿದೆ. ಕೊಡಬಹುದೇ?

ಉತ್ತರ: ಎರಡನ್ನೂ ಕೊಡಬೇಡಿ. ಖಾಸಗಿ ಉದ್ಯೋಗ ಏಜೆನ್ಸಿಗಳ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೆಯ ಒಡಂಬಡಿಕೆಯು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ವಸೂಲಿ ಮಾಡುವುದನ್ನು ನಿಷೇಧಿಸುತ್ತದೆ. ಮೂಲ ದಾಖಲೆಗಳನ್ನು ತೋರಿಸಿ, ಪ್ರತಿ ಕೊಡಿ, ಮೂಲವನ್ನು ಕೈಯಲ್ಲೇ ಇಟ್ಟುಕೊಳ್ಳಿ. ಅದು ಅವರ ಬಳಿ ಉಳಿದರೆ ಕೆಲಸ ಬಿಡುವ ಸ್ವಾತಂತ್ರ್ಯವೂ ಅವರ ಬಳಿಯೇ ಉಳಿಯುತ್ತದೆ. ಹಣ ಈಗಾಗಲೇ ಕೊಟ್ಟಿದ್ದರೆ ರಸೀದಿ, ಸಂದೇಶಗಳು, ಹಣ ಸಂದಾಯದ ವಿವರ ಎಲ್ಲವನ್ನೂ ಜೋಡಿಸಿಕೊಂಡು ಕಾರ್ಮಿಕ ಇಲಾಖೆಗೆ ಲಿಖಿತ ದೂರು ಸಲ್ಲಿಸಿ, ದೂರು ತಲುಪಿದ ಬಗ್ಗೆ ಸ್ವೀಕೃತಿ ಪಡೆದುಕೊಳ್ಳಿ.